ಸುತ್ತುರೈಲಿನ ಅಳತೆಗಾರ ಪ್ಯೋ ದೊಂಗಿಲ್

ಪ್ಯೋ ದೊಂಗಿಲನ ಮುತ್ತಜ್ಜ ಪ್ಯೋ ಹಕ್ಚುನ್ ಚಿಲ್ಸಾನ್ ಕಡಲಿನಲ್ಲಿ ಮೀನಿನ ಕೂಗು ಕೇಳುತ್ತಿದ್ದವನು. ಗಂಟು ಒಡೆದು ಟೊಳ್ಳು ಮಾಡಿದ ಬಿದಿರಿನ ಒಂದು ತುದಿಯನ್ನು ನೀರಿಗಿಳಿಸಿ, ಇನ್ನೊಂದಕ್ಕೆ ಕಿವಿ ಹಚ್ಚಿ, ಮೊಟ್ಟೆಯಿಡಲು ಬಂದ ಹಳದಿ ಹೊಟ್ಟೆಯ ಮೀನುಗಳ ಹಿಂಡು ಎಷ್ಟು ದೂರದಲ್ಲಿದೆ, ಯಾವ ಕಡೆಗೆ ಸಾಗುತ್ತಿದೆ ಎಂದು ಹೇಳುತ್ತಿದ್ದ. ಅವನು ಕೈ ಎತ್ತಿದ ಮೇಲೆಯೇ ಬಲೆ ಬೀಳುತ್ತಿತ್ತು. ಅದಕ್ಕೆ ಮೊದಲು ದೋಣಿಯಲ್ಲಿ ಕೆಮ್ಮಿದವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಅವನ ಮಗ ಪ್ಯೋ ಮನ್‌ಸೊಕ್ ಯುದ್ಧದ ಕಾಲದಲ್ಲಿ ಟೆಲಿಫೋನ್ ತಂತಿಯ ಉರುಳೆಯನ್ನು ಬೆನ್ನಿಗೆ ಕಟ್ಟಿಕೊಂಡು ಗುಡ್ಡ ಹತ್ತಿದವನು. ಗುಂಡು ಬಿದ್ದು ತಂತಿ ಹರಿದಲ್ಲೆಲ್ಲ ಹಲ್ಲಿನಿಂದಲೇ ಸಿಪ್ಪೆ ಸುಲಿದು ಗಂಟು ಹಾಕಿದ. ಮುಂದಿನ ಹಲ್ಲುಗಳು ಅದರಲ್ಲೇ ಹೋದವು. ಕೊನೆಯವರೆಗೂ ಅವನು ಮೂಲಂಗಿ ಉಪ್ಪಿನಕಾಯಿಯನ್ನು ಕೊಚ್ಚಿಸಿಕೊಂಡೇ ತಿಂದ, ಆದರೆ ತನ್ನ ಕೈಯ ಗಂಟು ಒಂದೂ ಬಿಚ್ಚಲಿಲ್ಲ ಎಂದು ಹೇಳಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ಮನ್‌ಸೊಕ್‌ನ ಮಗ ಪ್ಯೋ ಇಂಜೆ ಸಿಯೋಲಿಗೆ ಬಂದು ಉಲ್ಜಿರೋ ಬೀದಿಯಲ್ಲಿ ಟೀವಿ ರಿಪೇರಿಯ ಅಂಗಡಿ ಇಟ್ಟ. ಊರು ಎತ್ತರಕ್ಕೆ ಬೆಳೆಯುತ್ತಿದ್ದ ಕಾಲ ಅದು. ಎಲ್ಲಿ ಹೊಸ ಕಟ್ಟಡ ಎದ್ದರೂ ಅದರ ಗೋಡೆಗೆ ಬಡಿದು ತಡವಾಗಿ ಬಂದ ಅಲೆಯಿಂದ ಟೀವಿಯಲ್ಲಿ ಒಬ್ಬ ಹಾಡುಗಾರ ಇಬ್ಬರಾಗಿ ಕಾಣುತ್ತಿದ್ದ. ಇಂಜೆ ಆ ಎರಡನೆಯ ನೆರಳು ಎಷ್ಟು ಸರಿದು ಬಿದ್ದಿದೆ ಎಂದು ನೋಡಿ, “ಇದು ನದಿ ಕಡೆಯ ಹೋಟ್ಲಿನ ಗೋಡೆ ಕೆಲಸ” ಎಂದು ಹೇಳಿ, ಮನೆಯ ಮಾಡು ಹತ್ತಿ ಆಂಟೆನಾ ತಿರುಗಿಸಿ, ಇಬ್ಬರನ್ನು ಒಬ್ಬನಾಗಿ ಮಾಡಿ ಇಳಿಯುತ್ತಿದ್ದ.

ಮೂವರೂ ನೀರಿನಲ್ಲಿ, ಗಾಳಿಯಲ್ಲಿ, ತಂತಿಯಲ್ಲಿ ಕೆಟ್ಟು ಬಂದದ್ದನ್ನು ತಿದ್ದಿಕೊಂಡು ಬಾಳಿದವರು. ಮೂವರೂ ಕೆಲಸ ಮುಗಿದ ಮೇಲೆ ಮನೆಗೆ ಬಂದವರು. ದೋಣಿ ದಡ ಸೇರುತ್ತಿತ್ತು, ಗುಡ್ಡ ಇಳಿಯಲು ಬರುತ್ತಿತ್ತು, ಮಾಡಿಗೆ ಏಣಿಯಿತ್ತು. ಇಂಜೆಯ ಮಗ ದೊಂಗಿಲನ ಪಾಲಿಗೆ ಬಂದದ್ದು ಸಿಯೋಲಿನ ಮೆಟ್ರೋದ ಎರಡನೆಯ ಲೈನು. ಅದು ಊರನ್ನು ಉಂಗುರದಂತೆ ಸುತ್ತುವ ರೈಲು. ಅದಕ್ಕೆ ಕೊನೆಯ ನಿಲ್ದಾಣ ಎಂಬುದಿಲ್ಲ.

ಫೋರ್-ಜಿ ಫೋನು ಬಂದ ಹೊಸದರಲ್ಲಿ ಅವನು ಗುರೋ ಬಡಾವಣೆಯ ಒಂದು ಚಿಕ್ಕ ಕಂಪನಿಗೆ ಸೇರಿದ. ಫೋನಿನೊಳಗೆ ಕೂತು, ಮೊಬೈಲ್ ಗೋಪುರದಿಂದ ಬಂದ ಅಲೆಯನ್ನು ದಾರಿಯ ಗಾಳಿ ಎಷ್ಟು ಕೆಡಿಸಿದೆ ಎಂದು ಅಂದಾಜು ಮಾಡುವ ಒಂದು ಪ್ರೋಗ್ರಾಮನ್ನು ದೊಡ್ಡ ಕಂಪನಿಯೊಂದು ಬರೆಯುತ್ತಿತ್ತು. ಅದಕ್ಕೆ ನಿಜವಾದ ರೈಲಿನ, ನಿಜವಾದ ಸುರಂಗದ ಅಳತೆ ಒದಗಿಸುವುದು ಈ ಚಿಕ್ಕ ಕಂಪನಿಯ ಕೆಲಸ. ಅಳತೆಯ ಚೀಲ ಹೊರುವುದು ದೊಂಗಿಲನ ಕೆಲಸ. ಅದೇನು ಅಂದಾಜು ಎಂದು ಹೆಂಡತಿ ಮಿರಾನ್ ಕೇಳಿದಾಗ ಅವನು ಊಟದ ಮೇಜಿನ ಮುಂದೆ ಕೂತು ಹೇಳಿದ್ದ:

“ನೀನು ಅಡುಗೆಮನೆಯಿಂದ ಮೊದ್ಲು ‘ರೀ’ ಅಂತೀಯಲ್ಲ, ಅದು ನಂಗೆ ಗೊತ್ತಿರೋ ಸದ್ದು. ಅದು ಹೆಂಗೆ ಬಂದು ಮುಟ್ತು ಅನ್ನೋದ್ರಲ್ಲೇ ಬಾಗ್ಲು ಹಾಕಿದೆಯೋ, ಫ್ಯಾನು ತಿರುಗ್ತಿದೆಯೋ ತಿಳಿಯತ್ತೆ. ಆಮೇಲೆ ನೀನು ಏನೇ ಅಂದ್ರೂ ಆ ಬಾಗ್ಲನ್ನ, ಆ ಫ್ಯಾನನ್ನ ಕಳೆದು ಕೇಳಿಸ್ಕೋತೀನಿ. ಗೋಪುರದಿಂದ ಫೋನಿಗೂ ಹಂಗೇ. ಮಾತಿನ ನಡುನಡುವೆ ಒಂದು ಗೊತ್ತಿರೋ ಗುರುತು ಬರತ್ತೆ.”

“ಹಂಗಾದ್ರೆ ನಿನ್ನೆ ಕಸ ಹಾಕ್ಬನ್ನಿ ಅಂದಿದ್ದು ಯಾಕೆ ಕೇಳಿಸ್ಲಿಲ್ಲ?”

“ನೀನು ‘ರೀ’ ಅಂದ್ಮೇಲೆ ಬಾಗ್ಲು ಹಾಕ್ಕೊಂಡೆ. ಗುರುತು ಬಂದಾಗ ಒಂದು, ಮಾತು ಬಂದಾಗ ಇನ್ನೊಂದು. ಓಡೋ ರೈಲಲ್ಲಿ ಆಗೋದೂ ಅದೇ. ಅದಕ್ಕೇ ನನ್ನ ಹತ್ತಿಸಿರೋದು.”

“ಬಾಯಿಗೇನೂ ಕಮ್ಮಿಯಿಲ್ಲ” ಎಂದು ಮಿರಾನ್ ಕಸದ ಚೀಲವನ್ನು ಅವನ ಕಾಲ ಬಳಿ ಇಟ್ಟಳು.

ಮೊದಮೊದಲು ಅವನಿಗೆ ಆ ಕೆಲಸ ಹಗುರವೆನಿಸಿತ್ತು. ಚೀಲದಲ್ಲಿ ಫೋನುಗಳನ್ನು ಸ್ಪಂಜಿನ ಹಲಗೆಗೆ ಕಟ್ಟಿರುತ್ತಿದ್ದರು, ಕೆಳಗೆ ದಾಖಲಿಸುವ ಪೆಟ್ಟಿಗೆ, ಅದರ ಕೆಳಗೆ ಬ್ಯಾಟರಿ. ಬೇಸಿಗೆಯಲ್ಲಿ ಬೆನ್ನು ಬೇಯುತ್ತಿತ್ತು, ಚಳಿಗಾಲದಲ್ಲಿ ಅದೇ ಬಿಸಿ ಹಿತವಾಗುತ್ತಿತ್ತು. ಬೆಳಿಗ್ಗೆ ಒಂದು ದಿಕ್ಕಿಗೆ ಸುತ್ತುವ ಒಳಸುತ್ತಿನ ರೈಲು, ಮಧ್ಯಾಹ್ನದ ಮೇಲೆ ಎದುರು ದಿಕ್ಕಿನ ಹೊರಸುತ್ತಿನದು. ನಾಲ್ಕನೆಯ ಬೋಗಿಯ ಎರಡನೆಯ ಬಾಗಿಲಿನ ಎಡಪಕ್ಕದಲ್ಲಿ ಅವನು ನಿಲ್ಲುತ್ತಿದ್ದ. ಯಾರೂ ಅಲ್ಲೇ ನಿಲ್ಲು ಎಂದು ಹೇಳಿರಲಿಲ್ಲ. ಇಳಿಯುವವರ ಮೊಣಕೈ ಅಲ್ಲಿ ಕಡಿಮೆ ತಾಗುತ್ತಿತ್ತು, ಅಷ್ಟೆ. ಎಡಗೈ ಹಿಡಿಕೆಯಲ್ಲಿ, ಬಲಗೈ ಜೇಬಿನಲ್ಲಿ, ಬೆನ್ನಿನ ಚೀಲ ಬಾಗಿಲ ಪಕ್ಕದ ಗೋಡೆಗೆ. ಹಸಿವಾದರೆ ಕಡಲಪಾಚಿಯಲ್ಲಿ ಸುತ್ತಿದ ಅನ್ನದ ಸುರುಳಿಯನ್ನು ನಿಂತೇ ತಿನ್ನುತ್ತಿದ್ದ. ಒಂದೆರಡು ವರ್ಷ ಚೀಲ ಹೊತ್ತವರನ್ನು ಮೇಲಿನ ಮಹಡಿಯ ಲ್ಯಾಬಿಗೆ ಕರೆದುಕೊಳ್ಳುವುದು ಕಂಪನಿಯ ರೂಢಿ. ದೊಂಗಿಲನ ವಿಷಯದಲ್ಲಿ ಅದು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕೇಳಿದಾಗೆಲ್ಲ ತಂಡದ ಮುಖ್ಯಸ್ಥ ಕುಕ್, “ನಿನ್ನಷ್ಟು ಶುದ್ಧವಾಗಿ ಅಳತೆ ತರೋರು ಯಾರೂ ಇಲ್ಲ ಕಣೋ ಪ್ಯೋ” ಎಂದು ಬೆನ್ನು ತಟ್ಟುತ್ತಿದ್ದ. ಅವನು ತಟ್ಟುವಾಗ ಚೀಲಕ್ಕೆ ಪೆಟ್ಟಾಗದಂತೆ ನೋಡಿಕೊಳ್ಳುತ್ತಿದ್ದ.

ಹೀಗೇ ಏಳು ವರ್ಷ ಸವೆದ ಮೇಲೆ ಯೊಸುವಿನಲ್ಲಿ ಕಂಪನಿ ಒಂದು ಸಣ್ಣ ಕಚೇರಿ ತೆರೆಯಿತು. ದಕ್ಷಿಣದ ಕಡಲಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗುಗಳಲ್ಲಿ ಅಳತೆ ಮಾಡುವ ಕೆಲಸ. ಯೊಸು ಮಿರಾನಳ ತವರು, ಅವಳ ಅಕ್ಕ ಅಲ್ಲಿ ಸಾಸಿವೆಸೊಪ್ಪನ್ನು ಹುಳಿಬರಿಸಿ ಕಿಮ್ಚಿ ಮಾಡಿ ಮಾರುತ್ತಿದ್ದಳು. ದೊಂಗಿಲ್ ಎದೆ ಗಟ್ಟಿ ಮಾಡಿಕೊಂಡು ಕುಕ್‌ನ ಮುಂದೆ ನಿಂತ.

“ಸರ್, ಯೊಸು ಜಾಗ ನಂಗೆ ಕೊಡಿ. ಸುತ್ತಿ ಸುತ್ತಿ ಗಾಣದೆತ್ತಾಗಿದೀನಿ.”

“ಎತ್ತಿಗೆ ಕಣ್ಣು ಕಟ್ತಾರೆ, ನಿನ್ನ ಕಣ್ಣು ಬಿಟ್ಟೇ ಇದೆಯಲ್ಲ” ಎಂದು ಕುಕ್ ನಕ್ಕ. ಆಮೇಲೆ ಯೋಚಿಸಿ, “ಆಗ್ಲಿ, ಹೋಗು. ಚಾಂದ್ರಮಾನದ ಹೊಸವರ್ಷದ ತನಕ ಆ ಜಾಗ ನಿಂಗೇ ಇಟ್ಟಿರ್ತೀನಿ. ಚೀಲಕ್ಕೆ ಬೇರೆ ಆಳು ಹುಡುಕೋಣ” ಎಂದ.

ಅಂದು ಸಂಜೆ ಮಿರಾನ್ ಹಂದಿಮಾಂಸ ಹುರಿದಳು. ಮರುವಾರವೇ ಬಾಲ್ಕನಿಯ ಕಿಮ್ಚಿ ಭರಣಿಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಅಕ್ಕನ ಮನೆಗೆ ಲಾರಿಯಲ್ಲಿ ಕಳಿಸಿಬಿಟ್ಟಳು.

ಚೀಲಕ್ಕೆ ಬಂದ ಹೊಸಬ ಒಂದು ಕಾಲದಲ್ಲಿ ಜೂಡೋ ಆಡುತ್ತಿದ್ದ, ಬಾಗಿಲಷ್ಟು ಅಗಲದ ಮನುಷ್ಯ. ಅವನು ಹೊತ್ತು ತಂದ ಅಳತೆಯನ್ನು ನೋಡಿ ಲ್ಯಾಬಿನವರ ಮುಖ ಹುಳ್ಳಗಾಯಿತು. ಅದೇ ರೈಲು, ಅದೇ ಸುರಂಗ, ಅದೇ ಪ್ರೋಗ್ರಾಮು. ಆದರೂ ಫೋನುಗಳು ಎಡವುತ್ತಿದ್ದವು, ಗುರುತಿನ ಸದ್ದು ಕೈಗೆ ಸಿಕ್ಕ ಮೇಲೂ ಗಾಳಿಯ ಅಂದಾಜು ಒಂದು ಕಡೆಗೆ ವಾಲುತ್ತಿತ್ತು. ಕಾರಣ ಹುಡುಕಲು ಕೂತವಳು ಹಾ ಯುಂಜೊಂಗ್. ಲ್ಯಾಬಿನಲ್ಲಿ ಎಲ್ಲರಿಗಿಂತ ಕಿರಿಯಳು, ಅಂದಾಜಿನ ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು, ತನ್ನದೇ ಒಂದು ಹೊಸ ಲೆಕ್ಕ ಕಟ್ಟುತ್ತಿದ್ದವಳು. ಅವಳು ಹಳೆಯ ಅಳತೆಗಳನ್ನೆಲ್ಲ ಒಂದರ ಮೇಲೊಂದು ಹರಡಿ ನೋಡಿದಳು. ಪ್ರತಿಯೊಂದರ ಗೆರೆಯಲ್ಲೂ ಎಡಗಡೆ, ಅಲೆ ಕುಗ್ಗಿದಲ್ಲಿ, ಒಂದು ತಗ್ಗಿತ್ತು. ಸುರಂಗದಲ್ಲೂ ಇತ್ತು, ಕಂಬಗಳ ಮೇಲೆ ಓಡುವಲ್ಲೂ ಇತ್ತು, ಬಯಲಿನಂಥ ಸೇತುವೆಯ ಮೇಲೂ ಇತ್ತು.

ಸಭೆಯಲ್ಲಿ ಅವಳು ಆ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ, ಗಂಟಲು ಸರಿಮಾಡಿಕೊಂಡು ಹೇಳಿದಳು:

“ಇದನ್ನ ನಾವು ಇಷ್ಟು ದಿನ ಎರಡನೇ ಲೈನಿನ ಸ್ವಭಾವ ಅಂದ್ಕೊಂಡಿದ್ವಿ ಸರ್. ಇದು ರೈಲಿಂದಲ್ಲ, ಸುರಂಗದ್ದೂ ಅಲ್ಲ. ಇದು ಪ್ಯೋ ಅಣ್ಣ.”

ದೊಂಗಿಲ್ ಗೋಡೆಯ ಮೇಲಿನ ತಗ್ಗನ್ನು ನೋಡಿದ. ಅವನ ಎಡಭುಜ, ಅವನ ಪಕ್ಕೆ, ಅವನ ಹೊಟ್ಟೆಯ ನೀರು ಅಲೆಯನ್ನು ಹೀರಿ ಬಿಟ್ಟ ನೆರಳು ಅದು. ಒಂದೇ ಬಾಗಿಲಲ್ಲಿ ಒಂದೇ ಭಂಗಿಯಲ್ಲಿ ಅವನು ಅಷ್ಟು ವರ್ಷ ನಿಂತಿದ್ದರಿಂದ ಪ್ರೋಗ್ರಾಮು ಅವನನ್ನೂ ಗಾಳಿಯ ಭಾಗವೆಂದೇ ಕಲಿತುಬಿಟ್ಟಿತ್ತು.

“ಹಾಗಾದ್ರೆ ಹಳೇದನ್ನೆಲ್ಲ ಬೇರೆ ಬೇರೆ ಆಳುಗಳಿಂದ ಹೊಸದಾಗಿ ಅಳೀಬೇಕು” ಎಂದಳು ಯುಂಜೊಂಗ್.

“ಅಳೆದು?” ಕುಕ್ ಕುರ್ಚಿ ತಿರುಗಿಸಿದ. “ದೊಡ್ಡ ಕಂಪನಿಯೋರ ಮುಂದೆ ನಿಂತು, ನಾವು ಸುರಂಗ ಅಂತ ಕೊಟ್ಟಿದ್ದು ಒಬ್ಬ ಮನುಷ್ಯನ ಪಕ್ಕೆಲುಬು ಅಂತ ಹೇಳೋದಾ? ಪ್ರತಿ ಹೊಸ ಪ್ರೋಗ್ರಾಮನ್ನ ಹಳೇದ್ರ ಪಕ್ಕ ಇಟ್ಟೇ ಒಳ್ಳೇದೋ ಕೆಟ್ಟದ್ದೋ ಅಂತಾರೆ. ಹೊರೋನು ಬದಲಾದ್ರೆ ಸುಧಾರಿಸಿದ್ದು ಪ್ರೋಗ್ರಾಮೋ ಹೊರೋನೋ ಯಾರಿಗ್ಗೊತ್ತು? ಪ್ಯೋನೇ ಹೊರ್ಲಿ.”

“ನನ್ನ ಯೊಸು, ಸರ್?”

“ಹೊಸವರ್ಷಕ್ಕೆ ಇನ್ನೂ ದಿನ ಇದೆಯಲ್ಲಪ್ಪ. ನೋಡೋಣ.”

ಜೂಡೋದವನು ಬೆನ್ನು ನೋವೆಂದು ಹೇಳಿ ಬೇರೆ ಕೆಲಸ ಹಿಡಿದ. ಚೀಲ ಮತ್ತೆ ದೊಂಗಿಲನ ಬೆನ್ನೇರಿತು. ಈ ಸಲ ಮೊದಲಿನಂತಿರಲಿಲ್ಲ. ಮೊದಲು ಅವನು ಅಲ್ಲಿ ತಾನಾಗಿ ನಿಲ್ಲುತ್ತಿದ್ದ, ಈಗ ನಿಲ್ಲಿಸಲಾಗಿತ್ತು. ಅದೇ ಕೋಟು ಹಾಕಬೇಕು, ಅದರ ಜಿಪ್ಪು ಲೋಹದ್ದು, ಬದಲಾಯಿಸಕೂಡದು. ಜೇಬಿನಲ್ಲಿ ಕೈ ಬಿಸಿ ಮಾಡುವ ಪೊಟ್ಟಣ ಇಡಕೂಡದು, ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಸಕ್ಕರೆಯ ಅಂಶ ಏರಿದೆ, ಹೊಟ್ಟೆ ಇಳಿಸಿ ಎಂದು ಡಾಕ್ಟರು ಹೇಳಿದ್ದನ್ನು ಅವನು ಕುಕ್‌ಗೆ ತಿಳಿಸಿದಾಗ ಕುಕ್ ತಲೆ ಕೆರೆದುಕೊಂಡು, “ಈ ಪ್ರೋಗ್ರಾಮು ಮುಗಿಯೋ ತನಕ ಹೊಟ್ಟೆ ಹಾಗೇ ಇರ್ಲಿ” ಎಂದ.

ಮನೆಯಲ್ಲಿ ಮಿರಾನ್ ಅದನ್ನು ಕೇಳಿ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು.

“ಅಂದ್ರೆ ನಾನು ಮದುವೆಯಾಗಿರೋದು ಮೈಲಿಗಲ್ಲನ್ನ.”

“ಹಂಗನ್ಬೇಡ ಕಣೇ.”

“ಇನ್ನೇನನ್ಲಿ? ಭರಣಿಗಳು ಆಗ್ಲೇ ಯೊಸುಗೆ ಹೋಗಿ ಕೂತಿವೆ. ಅವಕ್ಕೇ ನಿಮಗಿಂತ ಮೊದ್ಲು ಬಿಡುಗಡೆ ಸಿಕ್ತು. ಅಕ್ಕ ದಿನಾ ಕೇಳ್ತಾಳೆ, ನಿಮ್ಮೋರು ಯಾವಾಗ ಬರ್ತಾರೆ ಅಂತ. ಅವ್ರು ರೈಲಲ್ಲಿದ್ದಾರೆ ಅಂತೀನಿ. ಸುಳ್ಳೇನೂ ಅಲ್ವಲ್ಲ.”

ಮನೆಯಲ್ಲಿ ಸೋಫಾದ ಮೇಲೆ ಕೂತಾಗಲೂ ಎಡಗೈ ಮೇಲೆತ್ತಿ ಏನನ್ನೋ ಹಿಡಿಯಲು ಹೋಗುವುದನ್ನು ಅವನು ತಾನೇ ಒಂದೆರಡು ಸಲ ಗಮನಿಸಿ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಯುಂಜೊಂಗ್‌ಗೆ ಮನಸ್ಸು ಕೊರೆಯುತ್ತಿತ್ತು. ತಾನು ತಗ್ಗನ್ನು ಕಂಡುಹಿಡಿಯದೇ ಇದ್ದಿದ್ದರೆ ಈ ಮನುಷ್ಯ ಇಷ್ಟು ಹೊತ್ತಿಗೆ ಹಡಗಿನ ಮೇಲೆ ನಿಂತಿರುತ್ತಿದ್ದ ಎಂಬುದು ಅವಳ ಎಣಿಕೆ. ಮೊದಲು ಅವಳು ಒಂದು ಬೊಂಬೆಯ ಉಪಾಯ ಹೂಡಿದಳು. ಫೋನು ಮೈಗೆ ತಾಗಿದರೆ ಏನಾಗುತ್ತದೆ ಎಂದು ನೋಡಲು ಲ್ಯಾಬಿನಲ್ಲಿ ತಲೆಸಹಿತವಾದ ಒಂದು ಪ್ಲಾಸ್ಟಿಕ್ ಮುಂಡವಿತ್ತು, ಒಳಗೆ ಉಪ್ಪು ಸಕ್ಕರೆ ಬೆರೆಸಿದ ಗಂಜಿಯಂಥ ದ್ರವ. ಅದಕ್ಕೆ ದೊಂಗಿಲನದೇ ಕೋಟು ತೊಡಿಸಿ, ಟೋಪಿ ಹಾಕಿ, ಗಾಲಿಯ ಮೇಲೆ ನಿಲ್ಲಿಸಿ, ಇಬ್ಬರೂ ನೂಕಿಕೊಂಡು ನಾಲ್ಕನೆಯ ಬೋಗಿಗೆ ಹತ್ತಿದರು. ವಯಸ್ಸಾದವರ ಸೀಟಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಮರುಕದಿಂದ ಎದ್ದಳು.

“ಪಾಪ, ಇಲ್ಲಿ ಕೂರಿಸ್ರಪ್ಪ. ನಿಮ್ಮಪ್ಪನಾ?”

“ಅಲ್ಲ ಅಜ್ಜಿ, ಇದು ನಾನೇ” ಎಂದ ದೊಂಗಿಲ್.

ಅಜ್ಜಿ ಅವನನ್ನೂ ಬೊಂಬೆಯನ್ನೂ ಮತ್ತೆ ಮತ್ತೆ ನೋಡಿ, “ಬಣ್ಣ ಅದಕ್ಕೇ ಚೆನ್ನಾಗಿದೆ” ಎಂದು ಮತ್ತೆ ಕೂತಳು. ಯುಂಜೊಂಗ್ ಗೋಡೆ ಕಡೆ ತಿರುಗಿ ನಕ್ಕಳು. ಮುಂದಿನ ನಿಲ್ದಾಣದಲ್ಲಿ ರೈಲಿನ ಸಿಬ್ಬಂದಿ ಬಂದು ಸಾಮಾನು ಗಾಡಿ ಬೋಗಿಯಲ್ಲಿ ಬೇಡವೆಂದು ವಿನಯದಿಂದಲೇ ಇಳಿಸಿದರು. ಅಷ್ಟರೊಳಗೆ ಸಿಕ್ಕ ಅಳತೆಯೂ ಕೆಲಸಕ್ಕೆ ಬರಲಿಲ್ಲ. ಬೊಂಬೆ ಉಸಿರಾಡುವುದಿಲ್ಲ, ರೈಲು ತಿರುವಿನಲ್ಲಿ ವಾಲಿದಾಗ ಮೊಣಕಾಲು ಮಡಿಸುವುದಿಲ್ಲ. ಅದರ ನೆರಳು ಗೋಡೆಯ ನೆರಳಿನಂತೆ ಕಲ್ಲಾಗಿ ಬಿದ್ದಿತ್ತು.

ಹೊಸವರ್ಷ ಹತ್ತಿರ ಬಂತು. ಅಂಗಡಿಗಳಲ್ಲಿ ಸೇಬಿನ ಪೆಟ್ಟಿಗೆಗಳನ್ನು ರಾಶಿ ಹಾಕಿದರು, ರೈಲಿನಲ್ಲಿ ಊರಿಗೆ ಹೊರಟವರ ಗಂಟುಮೂಟೆಗಳು ಹೆಚ್ಚಿದವು. ಅಂಥ ಒಂದು ದಿನ ಕುಕ್ ದೊಂಗಿಲನನ್ನು ಕರೆದು ಕೂರಿಸಿ ತಾನೇ ಕಾಫಿ ಕೊಟ್ಟ.

“ನಿನ್ನ ದಾರಿ ತೆಗೀತು ಪ್ಯೋ. ಇಬ್ರು ಒಂದೇ ಬಾಗಿಲಲ್ಲಿ ಒಂದಷ್ಟು ದಿನ ಜೊತೆಗೆ ನಿಂತ್ರೆ ನಿನ್ನ ನೆರಳಿನ ಲೆಕ್ಕನ ಇನ್ನೊಬ್ರಿಗೆ ದಾಟಿಸ್ಬಹುದಂತೆ. ದಾಟಿಸಿದ್ಮೇಲೆ ಆ ಇನ್ನೊಬ್ರು ನಿನ್ನ ಹಾಗೇ ಗಟ್ಟಿಯಾಗಿ ನಿಲ್ಬೇಕು, ವರ್ಷ ವರ್ಷ, ಬಿಟ್ಟೋಡಬಾರ್ದು. ಅಂಥೋರು ಸಿಕ್ಕಿದ್ದಾರೆ.”

“ಯಾರು ಸರ್?”

“ಹಾ ಯುಂಜೊಂಗ್. ತಾನಾಗೇ ಬಂದು ಕೇಳಿದ್ಲು. ಚಿಕ್ಕ ವಯಸ್ಸು, ಗಟ್ಟಿ ಬೆನ್ನು. ನಿನಗಿಂತ ಬಾಳಿಕೆ ಬರತ್ತೆ.”

ದೊಂಗಿಲ್ ಕಾಫಿ ಕೆಳಗಿಟ್ಟ. ಅವನ ಮೊದಲ ಅನಿಸಿಕೆ ಸಂತೋಷವೇ. ಅದನ್ನು ಅವನು ಅಲ್ಲಗಳೆಯುವಂತಿರಲಿಲ್ಲ. ಮನೆಗೆ ಹೋಗಿ ಹೇಳಿದಾಗ ಮಿರಾನ್ ಅವನ ಕೈ ಹಿಡಿದುಕೊಂಡಳು, ಅಕ್ಕನಿಗೆ ಫೋನು ಮಾಡಿದಳು, ಅವನ ಹಳೆಯ ಕೋಟನ್ನು ಎತ್ತಿ ಹಿಡಿದು, “ಇದನ್ನ ಸುಡ್ತೀನಿ ನೋಡ್ತಿರಿ” ಎಂದಳು.

ಮಾರನೆಯ ಬೆಳಿಗ್ಗೆ ಯುಂಜೊಂಗ್ ಕಂಪನಿಯ ಹತ್ತಿರದ ನಿಲ್ದಾಣದಲ್ಲಿ ಚೀಲ ಹೊತ್ತು ನಿಂತಿದ್ದಳು. ಹೊಸ ಚೀಲ, ಪಟ್ಟಿ ಇನ್ನೂ ಗಟ್ಟಿ.

“ಏನಮ್ಮ, ಲ್ಯಾಬಿನ ಕುರ್ಚಿ ಬಿಟ್ಟು ಈ ನೂಕುನುಗ್ಗಲಿಗೆ ಬಂದೆ?”

“ಕುರ್ಚಿ ಎಲ್ಲೂ ಹೋಗಲ್ಲ ಪ್ಯೋ ಅಣ್ಣ. ನಾನು ಹಾಕಿದ ಗಂಟು, ನಾನೇ ಬಿಚ್ತೀನಿ. ನೀವು ಸುಮ್ನೆ ಕಡಲ ಗಾಳಿ ಕುಡ್ಕೊಂಡಿರಿ.”

“ನಿನ್ನ ಆ ಹೊಸ ಲೆಕ್ಕ? ಎರಡು ಗುರುತಿನ ನಡುವೆ ನೆಟ್ಟಗೆ ಗೆರೆ ಎಳೀದೆ, ಮುಂದೇನಾಗತ್ತೆ ಅಂತ ಮೊದ್ಲೇ ಊಹಿಸೋದು?”

“ಆಮೇಲೆ ಮಾಡ್ಬಹುದು.”

‘ಆಮೇಲೆ’ ಎಂದು ಅವನಿಗೂ ಬಹಳ ಸಲ ಹೇಳಿದ್ದರು. ರೈಲು ಬಂತು. ಇಬ್ಬರೂ ನಾಲ್ಕನೆಯ ಬೋಗಿಯ ಎರಡನೆಯ ಬಾಗಿಲಿಗೆ ಹತ್ತಿದರು. ಅವನು ಎಡಕ್ಕೆ, ಅವಳು ಬಲಕ್ಕೆ. ಜನ ಒತ್ತಿದರು. ದೊಂಗಿಲ್ ಅವಳಿಗೆ ನಿಲ್ಲುವುದನ್ನು ಹೇಳಿಕೊಡಬೇಕೆಂದುಕೊಂಡಿದ್ದ, ಬೇಕಾಗಲಿಲ್ಲ. ಅವಳು ಕಾಲು ಅಗಲಿಸಿ, ಹಿಡಿಕೆ ಹಿಡಿದು, ಗಲ್ಲವನ್ನು ಒಂದೇ ಮಟ್ಟಕ್ಕೆ ಇಟ್ಟು ನಿಂತಳು. ಯಾರೋ ಕಾಲು ತುಳಿದರು, ಅವಳು ಅಲುಗಲಿಲ್ಲ. ಅವಳ ಫೋನು ಜೇಬಿನಲ್ಲಿ ಮಿಡಿಯಿತು, ಬಹುಶಃ ತಾಯಿಯದು. ಅವಳು ಕೈ ಹಾಕಲಿಲ್ಲ.

ದಾಂಗ್ಸಾನ್ ನಿಲ್ದಾಣ ದಾಟಿ ರೈಲು ಹಾನ್ ನದಿಯ ಸೇತುವೆಗೇರಿತು. ಬೋಗಿಯೊಳಗೆ ಒಮ್ಮೆಲೇ ಬೆಳಕು ಸುರಿಯಿತು. ನದಿಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು, ನಡುವೆ ನೀರು ಹೊಳೆಯುತ್ತಿತ್ತು. ಕಿವಿಗೆ ವಯರು ಸಿಕ್ಕಿಸಿಕೊಂಡವರು, ತೂಕಡಿಸುತ್ತಿದ್ದವರು, ಜಗಳವಾಡಿಕೊಂಡು ಬಂದಿದ್ದ ಗಂಡಹೆಂಡಿರು, ಎಲ್ಲರೂ ಒಂದು ಗಳಿಗೆ ಆ ಕಡೆ ತಿರುಗಿದರು. ಯುಂಜೊಂಗ್ ತಿರುಗಲಿಲ್ಲ. ಕತ್ತು ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಅಳತೆ ತಿರುಗುತ್ತದೆ. ಅವಳ ಮುಖದ ಮೇಲೆ ನೀರಿನ ಬೆಳಕು ಆಡುತ್ತಿತ್ತು, ಅವಳ ಕಣ್ಣು ಎದುರಿನ ಮನುಷ್ಯನ ಕಾಲರಿನ ಮೇಲಿತ್ತು. ರೈಲು ಮತ್ತೆ ನೆಲದೊಳಗೆ ನುಗ್ಗಿತು, ಕಿಟಕಿಗಳು ಕಪ್ಪಾದವು.

ಉಂಗುರದ ಅತ್ತ ಬದಿಯಲ್ಲಿ ಎರಡನೆಯ ಸಲ ನದಿ ಬಂದಾಗಲೂ ಹಾಗೆಯೇ ಆಯಿತು. ರೈಲು ಮತ್ತೆ ಸುರಂಗಕ್ಕಿಳಿಯಿತು. ಬಾಗಿಲ ಗಾಜಿನಲ್ಲಿ ಇಬ್ಬರೂ ಅಕ್ಕಪಕ್ಕ ಕಾಣುತ್ತಿದ್ದರು, ಒಬ್ಬನ ಹಿಂದೆ ಸರಿದು ಬಿದ್ದ ಇನ್ನೊಬ್ಬನಂತೆ. ಯೊಸುವಿನ ಹಡಗು, ಮಿರಾನಳ ಅಕ್ಕನ ಅಂಗಳ, ಕೋಟಿಲ್ಲದ ತನ್ನ ಮೈ, ಎಲ್ಲವೂ ಅವನಿಗೆ ಕೈಯಳತೆಯಲ್ಲಿ ಕಂಡವು. ಅದರಾಚೆ ಈ ಹುಡುಗಿ ಕಾಲರನ್ನು ನೋಡುತ್ತ ನಿಂತಿದ್ದಳು.

ಸುತ್ತು ಮುಗಿಯುವ ಹೊತ್ತಿಗೆ ಜನ ಕರಗಿದರು. ದೇರಿಮ್ ನಿಲ್ದಾಣ ದಾಟಿತು. ದೊಂಗಿಲನ ಚೀಲದ ಪಟ್ಟಿ ಭುಜದಿಂದ ಜಾರಿತ್ತು. ಯುಂಜೊಂಗ್ ಅದನ್ನು ಎತ್ತಿ ಕೂರಿಸಲು ಕೈ ಚಾಚಿದಳು.

“ಬಿಡಿ ಅಣ್ಣ, ಇನ್ನು ಕೆಲವೇ ದಿನ. ಆಮೇಲೆ ಎರಡು ಚೀಲಾನೂ ನಂದೇ.”

ದೊಂಗಿಲ್ ಅವಳ ಕೈ ಸರಿಸಿದ.

“ಬೇಡಮ್ಮ. ನಿನ್ನ ಚೀಲನ ಇಲ್ಲಿ ಕೆಳಗಿಡು, ಸಿಂದೊರಿಮ್ ಬಂತು, ಇಳಿ. ಇಳಿದು ಲ್ಯಾಬಿಗೆ ಹೋಗಿ ಆ ಲೆಕ್ಕದ ಮುಂದೆ ಕೂತ್ಕೋ. ಎರಡು ಸಲ ನದಿ ಬಂತು, ನೀನು ನೋಡ್ಲಿಲ್ಲ. ನಂಗೆ ಆ ನೋಡದೇ ಇರೋದನ್ನ ಕಲಿಯೋಕೆ ವರ್ಷಗಳು ಬೇಕಾದ್ವು, ನೀನು ಒಂದೇ ಬೆಳಗಿಗೆ ಕಲ್ತೆ. ನಿನ್ನ ಇಲ್ಲಿ ನಿಲ್ಸಿ ನಾನು ಕಡಲು ನೋಡ್ತಾ ಕೂತ್ರೆ ಆ ಕಡಲು ನಂಗೆ ಕಾಣ್ಸಲ್ಲ. ಕುಕ್ ಸರ್‌ಗೆ ನಾನೇ ಹೇಳ್ತೀನಿ, ಚೀಲ ನಾನೇ ಹೊರ್ತೀನಿ ಅಂತ. ಮನೇಲೂ ನಾನೇ ಹೇಳ್ತೀನಿ, ಬೈಸ್ಕೋತೀನಿ. ಪಟ್ಟಿಗೂ ಕೈ ಹಚ್ಬೇಡ, ಅದು ಎಲ್ಲಿ ಕೂರ್ಬೇಕು ಅಂತ ನನ್ನ ಭುಜಕ್ಕೆ ಗೊತ್ತು. ಬಾಗ್ಲು ಹಾಕ್ತಾರೆ, ಇಳಿಯಮ್ಮ.”